ಒಂದು ಪ್ರಶ್ನೆ ಹೆಚ್ಚಾದ ಪಾಟೀಸವಾಲು

ಪವಮಾನನ ಮನೆತನದಲ್ಲಿ ಬಾಯಿಗೆ ಬರಗಾಲ ಬಂದದ್ದೇ ಇಲ್ಲ. ಮುತ್ತಾತ ಅರಮನೆಯಲ್ಲಿ ಪ್ರಜೆಗಳ ಅರ್ಜಿಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸದಲ್ಲಿದ್ದರಂತೆ. ತಾತ ಮೇಷ್ಟರು. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರೂ ಯೂನಿಯನ್ ಸಭೆಯಲ್ಲಿ ಅವರು ಮೈಕು ಹಿಡಿದರೆ ಬಿಡಿಸಿಕೊಳ್ಳಲು ಇಬ್ಬರು ಬೇಕಾಗುತ್ತಿತ್ತು. ಇಂಥ ವಂಶದಲ್ಲಿ ಹುಟ್ಟಿದ ಹುಡುಗ ಪ್ರೈಮರಿ ಶಾಲೆಯಲ್ಲೇ ಚರ್ಚಾಸ್ಪರ್ಧೆಯ ಕಪ್ಪು ಗೆದ್ದು ತಂದ. ಆಮೇಲೆ ಅವನು ಸುಮ್ಮನೆ ಕೂತದ್ದನ್ನು ಅವರ ಮನೆಯಿದ್ದ ಶ್ರೀರಾಂಪುರದಲ್ಲಿ ಯಾರೂ ನೋಡಿಲ್ಲ. ವಕೀಲನಾಗದೆ ಇನ್ನೇನಾಗಬೇಕಿತ್ತು?

ಲಾ ಕಾಲೇಜಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ ಅಂತ ಒಂದು ಇರುತ್ತದೆ. ಮೂವರ ತಂಡ. ಇಬ್ಬರು ಎದ್ದು ನಿಂತು ವಾದ ಮಾಡುವವರು, ಮೂರನೆಯವರು ಪುಸ್ತಕ ತಿರುವಿ ಎಲ್ಲವನ್ನೂ ಬರೆದು ಕೊಡುವವರು. ಆ ಮೂರನೆಯವರು ಬಾಯಿ ತೆರೆಯುವಂತಿಲ್ಲ. ಜಡ್ಜ್ ಕುರ್ಚಿಯಲ್ಲಿ ಕೂತವರು ಕಷ್ಟದ ಪ್ರಶ್ನೆ ಕೇಳಿದಾಗ ಒಂದು ಚೀಟಿಯಲ್ಲಿ ಉತ್ತರ ಗೀಚಿ ಮೆಲ್ಲಗೆ ಮುಂದಕ್ಕೆ ತಳ್ಳಬಹುದು, ಅಷ್ಟೆ. ಪವಮಾನನ ತಂಡದಲ್ಲಿ ಚೀಟಿ ತಳ್ಳುತ್ತಿದ್ದವಳು ಅಕ್ಷತಾ, ಬನ್ನಿಮಂಟಪದ ಬೇಳೆಕಾಳು ವ್ಯಾಪಾರಿ ವೃಷಭೇಂದ್ರಪ್ಪನವರ ಮಗಳು. ಇವನು ವಾದದ ನಡುವೆ ಕೈ ಹಿಂದಕ್ಕೆ ಚಾಚಿದರೆ ಸಾಕು, ಅಂಗೈಗೆ ಚೀಟಿ ಬಂದು ಬೀಳುತ್ತಿತ್ತು. ಕಪ್ಪು ಬಂತು, ಪೇಪರಿನಲ್ಲಿ ಪವಮಾನನ ಫೋಟೋ ಬಂತು. ಅಕ್ಷತಾ ಫೋಟೋದ ಅಂಚಿನಲ್ಲಿ ಅರ್ಧ ಮುಖ ಕಾಣುವಂತೆ ನಿಂತಿದ್ದಳು.

ಅವಳನ್ನೇ ಮದುವೆಯಾದ. ಒಬ್ಬರದು ಗೋಪೀಚಂದನದ ಮನೆ, ಇನ್ನೊಬ್ಬರದು ವಿಭೂತಿಯ ಮನೆ. ಎರಡು ಕಡೆಯೂ ಮಠಕ್ಕೆ ನಡೆದುಕೊಳ್ಳುವವರೇ, ಮಠ ಬೇರೆ. ಒಂದಿಷ್ಟು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಉಂಡರು. ಮನೆಯ ಮುಂದಿನ ಕೋಣೆಯೇ ಆಫೀಸಾಯಿತು. ಬೋರ್ಡಿನ ಮೇಲೆ ಅವನ ಹೆಸರು, ಕೆಳಗೆ ಅವಳದು. ಮಳಲವಾಡಿಯ ಕೋರ್ಟಿನಲ್ಲೂ ಅದೇ ಕ್ರಮ ಮುಂದುವರಿಯಿತು. ದಾವೆ ಬರೆಯುವವಳು ಅವಳು, ಎದ್ದು ನಿಲ್ಲುವವನು ಅವನು. ಅವನು ಕೈ ಹಿಂದಕ್ಕೆ ಚಾಚುತ್ತಿದ್ದ, ಅವಳು ಚೀಟಿ ಇಡುತ್ತಿದ್ದಳು. ಅತ್ತೆ ಪಂಕಜಮ್ಮನ ಎದುರಿಗೆ ಅವನನ್ನು ‘ರೀ’ ಅನ್ನುತ್ತಿದ್ದಳು, ಇಬ್ಬರೇ ಇದ್ದಾಗ ಕಾಲೇಜಿನ ದಿನಗಳ ‘ನೀನು’.

ವಿದೇಶಕ್ಕೆ ಹೋಗಿ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬುದು ಪವಮಾನನ ಹಳೆಯ ಆಸೆ. ಮೂವತ್ತೈದು ದಾಟುತ್ತಿದ್ದಂತೆ, ಈಗಲ್ಲದಿದ್ದರೆ ಇನ್ನು ಯಾವಾಗ ಎಂದು ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೂ ಅವರ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿದ. “ನೀನೂ ಒಂದು ಹಾಕು, ಜೊತೆಗಿದ್ರೆ ನಂಗೂ ಧೈರ್ಯ” ಎಂದು ಅಕ್ಷತಾಳಿಂದಲೂ ಹಾಕಿಸಿದ. ಜನ್ಮದಲ್ಲಿ ಮೊದಲ ಸಲ ತನ್ನ ಬರವಣಿಗೆಯನ್ನು ಅವಳ ಕೈಗೆ ಕೊಡದೆ ತಾನೇ ಬರೆದ. ಅದೇ ಎಡವಟ್ಟಾಯಿತು. ಕಂಪ್ಯೂಟರಿನ ಮುಂದೆ ಕೂರಿಸಿ ಸಂದರ್ಶನ ಮಾಡಿದವರು, ನೀವು ಯಾವ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬರುತ್ತಿದ್ದೀರಿ ಎಂದು ಕೇಳಿದರು. ಇವನು ಮುತ್ತಾತನಿಂದ ಶುರುಮಾಡಿದ. ಅವನ ಭಾಷಣ ಅರಮನೆಯ ಹೆಬ್ಬಾಗಿಲು ದಾಟುವ ಹೊತ್ತಿಗೆ ಸಮಯ ಮುಗಿದಿತ್ತು.

ಅಕ್ಷತಾಳನ್ನೂ ಅದೇ ಕೇಳಿದರು. ಅವಳಲ್ಲಿ ಒಂದು ಪ್ರಶ್ನೆ ಇತ್ತು. ನಮ್ಮ ಕಡೆ ಅಪ್ಪನ ಆಸ್ತಿ ಭಾಗವಾಗುವಾಗ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸುತ್ತಾರೆ, ಅರಿಶಿನ-ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು, ಸೀರೆ ಉಡಿಸಿ, ಹಕ್ಕು ಬಿಟ್ಟುಕೊಟ್ಟೆ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ನಗುತ್ತಲೇ ಸಹಿ ಹಾಕುತ್ತಾರೆ. ಯಾರೂ ಹೆದರಿಸಿಲ್ಲ, ಹೊಡೆದಿಲ್ಲ. ಅದನ್ನು ಒಪ್ಪಿಗೆ ಅನ್ನಬಹುದೇ? ಇಷ್ಟು ಹೇಳಿ ಅವಳು ಸುಮ್ಮನಾದಳು. ಕೆಲವು ವಾರ ಕಳೆದು ಅವಳಿಗೆ ಸೀಟೂ ವೇತನವೂ ಬಂತು. ಅವನಿಗೆ ಬಂದದ್ದು ವಿಷಾದದ ಎರಡು ಸಾಲು.

ಪವಮಾನ ಅಂಗಡಿಗೆ ಹೋಗಿ ಸಿಹಿ ತಂದು ಎಲ್ಲರಿಗಿಂತ ಮೊದಲು ಅವಳ ಬಾಯಿಗೆ ಹಾಕಿದ. ತನ್ನ ಬಾಯಿಗೂ ಹಾಕಿಕೊಂಡ. ಅರ್ಧ ಕಚ್ಚಿ ಉಳಿದದ್ದನ್ನು ಡಬ್ಬಿಗೇ ವಾಪಸು ಇಟ್ಟ.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ಅದರಲ್ಲೂ ಕಟ್ಟಿಕೊಂಡವಳ ಮೇಲೆ ಹುಟ್ಟಿದ ಕಿಚ್ಚನ್ನು ಯಾರ ಮುಂದೆ ಹೇಳಿಕೊಳ್ಳುವುದು? ನೆಂಟನ ಮೇಲಾದರೆ ಹೆಂಡತಿಯ ಹತ್ತಿರ ಆಡಿಕೊಂಡು ಹಗುರಾಗಬಹುದು. ಇಲ್ಲಿ ಆ ದಾರಿಯೂ ಮುಚ್ಚಿತ್ತು. ಬಾರ್ ಅಸೋಸಿಯೇಷನ್ನಿನ ಕ್ಯಾಂಟೀನಿನಲ್ಲಿ ದಿಲೀಪ್ ಎಂಬ ವಕೀಲ ಮಿತ್ರ, “ಏನ್ ಸಾರ್, ಮೇಡಂನೋರು ಫಾರಿನ್ನಿಗೆ, ನೀವು ಇಲ್ಲೇ?” ಎಂದು ಕೆಣಕಿದ. “ಒಬ್ರಾದ್ರೂ ಇರ್ಬೇಕಲ್ಲ ಕಣ್ರೀ, ಆಫೀಸ್ ನೋಡ್ಕೊಳೋಕೆ. ನಾನೇ ಬಿಟ್ಕೊಟ್ಟೆ” ಎಂದ ಪವಮಾನ. ಈ ಮಾತನ್ನು ಅವನು ಎಷ್ಟು ಕಡೆ ಹೇಳಿದನೆಂದರೆ ಬರಬರುತ್ತ ತಾನೇ ನಂಬತೊಡಗಿದ.

ಸೆಪ್ಟೆಂಬರಿನಲ್ಲಿ ಅವಳು ಹೋದಳು. ಸಂಜೆಯ ವೀಡಿಯೊ ಕರೆಗಳು ಶುರುವಾದವು. ಅಲ್ಲಿ ಪ್ರೊಫೆಸರನ್ನು ಸರ್, ಮೇಡಂ ಅನ್ನುವಂತಿಲ್ಲವಂತೆ, ಹೆಸರು ಹಿಡಿದೇ ಕರೆಯಬೇಕಂತೆ. ಪಾಠ ಅಂತ ಮಾಡುವುದೇ ಇಲ್ಲ, ಮೊದಲೇ ರಾಶಿ ಓದಿಕೊಂಡು ಬಂದು ದುಂಡಗೆ ಕೂತು ಎಲ್ಲರೂ ಮಾತಾಡಬೇಕಂತೆ, ಮಾತಿಗೂ ಅಂಕ. ಚಳಿಗಾಲ ಬಂದಾಗ ಮಧ್ಯಾಹ್ನದ ಕಾಫಿ ಹೊತ್ತಿಗೇ ಕತ್ತಲು. ಬ್ರೆಜಿಲ್, ಕೀನ್ಯ, ಚೀನಾ ಎಲ್ಲ ದೇಶದವರೂ ಒಂದೇ ಅಡುಗೆಮನೆಯಲ್ಲಿ. ಅವಳು ಹೇಳುತ್ತ ಹೋಗುತ್ತಿದ್ದಳು. ಪವಮಾನ ಅವಳ ಹೊಸ ಕೋಟು, ಹಿಂದಿನ ಕಿಟಕಿ, ಕಿಟಕಿಯಾಚೆ ಕಾಣುವ ಕಲ್ಲಿನ ಕಟ್ಟಡ ಎಲ್ಲವನ್ನೂ ಒಂದೊಂದಾಗಿ ನೋಡುತ್ತ ಉರಿಯುತ್ತಿದ್ದ. ಆ ಕಿಟಕಿ ತನ್ನದಾಗಬೇಕಿತ್ತು ಎಂದುಕೊಳ್ಳುತ್ತಿದ್ದ.

“ಎಲ್ರೂ ಮಾತಾಡ್ತಾರೆ, ನಂಗೆ ಮಾತ್ರ ಬಾಯೇ ಬರಲ್ಲ ಕಣೋ. ಮಾತು ಗಂಟಲವರೆಗೂ ಬರತ್ತೆ, ಅಷ್ಟರಲ್ಲಿ ಇನ್ನೊಬ್ರು ಶುರು ಮಾಡ್ಬಿಡ್ತಾರೆ” ಎಂದಳು ಒಂದು ದಿನ. ಕಣ್ಣು ತುಂಬಿತ್ತು. “ಹೋಗ್ಲಿ ಬಿಡು, ಎಲ್ಲಾರ್ಗೂ ಎಲ್ಲಾ ಬರಲ್ಲ” ಎಂದು ಪವಮಾನ ಸಮಾಧಾನ ಹೇಳಿದ. ಫೋನ್ ಇಟ್ಟವನು ಅಡುಗೆಮನೆಗೆ ಹೋಗಿ ಅಮ್ಮನನ್ನು ಇನ್ನೊಂದು ದೋಸೆ ಕೇಳಿದ. ಬಹಳ ದಿನದ ಮೇಲೆ ಅವತ್ತು ಅವನಿಗೆ ಊಟ ರುಚಿಸಿತ್ತು.

ಆದರೆ ಆ ರುಚಿ ಉಳಿಯಲಿಲ್ಲ. ಡಿಸೆಂಬರ್ ಕಳೆಯುವಷ್ಟರಲ್ಲಿ ಅಕ್ಷತಾ ಬಾಯಿ ಬಿಟ್ಟಿದ್ದಳು. ಅತ್ತೆ ಮನೆಯಲ್ಲಿ ಮಗು ಮಲಗಿಸಿ, ತವರಿಗೆ ಬಂದು ಸಹಿ ಹಾಕಿ, ಸಂಜೆ ಬಸ್ಸಿಗೆ ವಾಪಸು ಹೊರಟ ಒಬ್ಬ ಹೆಣ್ಣುಮಗಳ ಕಥೆಯನ್ನು ತರಗತಿಯಲ್ಲಿ ಹೇಳಿದಳಂತೆ. ಎಲ್ಲರೂ ಕೇಳುತ್ತ ಕೂತರಂತೆ. ಕೀನ್ಯದವಳು, ನಮ್ಮಲ್ಲೂ ಹೀಗೇ ಎಂದಳಂತೆ. “ಪವಮಾನ, ನಾನು ನಿಲ್ಲಿಸ್ದೇ ಇಲ್ಲ ಗೊತ್ತಾ?” ಎಂದು ನಗುತ್ತಿದ್ದಳು. “ಹಲೋ? ಹಲೋ? ಏನೂ ಕೇಳಿಸ್ತಿಲ್ಲ ಕಣೇ, ನೆಟ್‌ವರ್ಕ್ ಸರಿಯಿಲ್ಲ” ಎಂದು ಪವಮಾನ ಕರೆ ಕತ್ತರಿಸಿದ. ಕುಣಿಯಲು ಬಾರದವಳಿಗೆ ಅಂಗಳ ಡೊಂಕು, ಕೇಳಲು ಮನಸ್ಸಿಲ್ಲದವನಿಗೆ ನೆಟ್‌ವರ್ಕ್ ಡೊಂಕು.

ಗಾಯಕ್ಕೆ ಉಪ್ಪು ಸವರಲು ಮನೆಯಲ್ಲಿ ತಾಯಿ ಇದ್ದರು. ಪಂಕಜಮ್ಮ ಬೆಳಗ್ಗೆ ರಂಗೋಲಿ ಹಾಕಲು ಹೋದರೆ ಅಕ್ಕಪಕ್ಕದ ನಾಲ್ಕು ಮನೆಗೆ ಸೊಸೆಯ ಸುದ್ದಿ ಹಂಚಿಯೇ ಒಳಗೆ ಬರುತ್ತಿದ್ದರು. “ನಮ್ಮ ಅಕ್ಷತಾ ಬಾಯಿ ಬಿಟ್ರೆ ದೊರೆಗಳೆಲ್ಲ ಕೈಕಟ್ಕೊಂಡು ಕೂತ್ಕೋತಾರಂತೆ ಕಣ್ರೀ! ನಮ್ಮವನು ಅಷ್ಟು ವರ್ಷದಿಂದ ಕಿರುಚ್ತಾನೆ, ಏನ್ ಬಂತು?” ಈ ಕೊನೆಯ ಮಾತು ಒಳಗೆ ಹಲ್ಲುಜ್ಜುತ್ತಿದ್ದ ಮಗನಿಗೂ ಕೇಳಿಸುತ್ತಿತ್ತು.

ಕೋರ್ಟಿನಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಸಿದ್ಧಾರ್ಥನಗರದ ಸಿದ್ದಲಿಂಗಸ್ವಾಮಿ ಎಂಬ ಕಕ್ಷಿದಾರರ ಸೈಟಿನ ಮೊಕದ್ದಮೆ. ಪವಮಾನ ಗಂಗಾಪ್ರವಾಹದಂತೆ ವಾದಿಸುತ್ತಿದ್ದ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, “ಖಾತೆ ಬದಲಾವಣೆ ಆಗಿದ್ದು ಕ್ರಯಪತ್ರಕ್ಕೆ ಮುಂಚೆಯೋ ಆಮೇಲೋ?” ಎಂದರು. ಪವಮಾನನ ಬಲಗೈ ತಾನಾಗಿ ಹಿಂದಕ್ಕೆ ಹೋಯಿತು. ಅಂಗೈ ಬಿಚ್ಚಿಕೊಂಡು ಕಾಯಿತು. ಹಿಂದೆ ಖಾಲಿ ಕುರ್ಚಿ. ಪಕ್ಕದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಸ್ವಲ್ಪ ಕಾಲಾವಕಾಶ ಬೇಕು ಸ್ವಾಮಿ” ಎಂದು ಅವನು ಕೂತ. ಹೊರಗೆ ಮರದ ನೆರಳಿನಲ್ಲಿ ಸಿದ್ದಲಿಂಗಸ್ವಾಮಿ ಮೆಲ್ಲಗೆ, “ಬ್ಯಾಸರ ಮಾಡ್ಕೋಬೇಡಿ ಸಾರ್. ಮೇಡಂನೋರು ಯಾವಾಗ್ ಬತ್ತಾರೆ?” ಎಂದು ಕೇಳಿದರು. “ವರ್ಷ ಮುಗಿದ ಮೇಲೆ ಬರ್ತಾರೆ” ಎಂದ ಪವಮಾನ. ವರ್ಷ ಮುಗಿಯುವುದನ್ನು ಅವನೂ ಆ ಕಕ್ಷಿದಾರರಷ್ಟೇ ಆತುರದಿಂದ ಕಾಯುತ್ತಿದ್ದ.

ಹೀಗಿರುವಾಗ ಅಕ್ಷತಾ ಹೊಸ ಸುದ್ದಿ ಹೇಳಿದಳು. ಅದೇ ವಿಷಯದ ಮೇಲೆ ಸಂಶೋಧನೆ ಮಾಡಲು ಅಲ್ಲೇ ಒಂದು ಅವಕಾಶವಿದೆ, ಮೂರು ವರ್ಷ. ಬರಹ ಒಪ್ಪಿದ್ದಾರೆ. ಇನ್ನು ಐವರು ಪ್ರಾಧ್ಯಾಪಕರ ಮುಂದೆ ನಿಂತು ಮಾತಾಡಬೇಕು, ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಅಲ್ಲಿ ತಡವರಿಸಿದರೆ ಮುಗಿಯಿತು, ಊರಿಗೆ ವಾಪಸು. “ನಂಗೆ ಅದೊಂದೇ ಭಯ. ದಿನಾ ಸಂಜೆ ನೀನು ಆ ಪ್ರೊಫೆಸರ್ ಆಗಿ ಕೂತ್ಕೋತೀಯಾ? ನಿನ್ ಥರ ಪಾಟೀಸವಾಲು ಮಾಡೋರು ನಂಗೆ ಬೇರೆ ಯಾರೂ ಗೊತ್ತಿಲ್ಲ.”

ಪಾಟೀಸವಾಲೆಂದರೆ ಎದುರು ಪಕ್ಷದ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ, ಅಡ್ಡಡ್ಡ ಪ್ರಶ್ನೆ ಹಾಕಿ, ಅವನ ಬಾಯಿಂದಲೇ ಅವನ ಕಥೆ ಕೆಡಿಸುವುದು. ಪವಮಾನನಿಗೆ ಬರುತ್ತಿದ್ದ ಒಂದೇ ವಿದ್ಯೆ ಅದು, ಚೆನ್ನಾಗಿಯೇ ಬರುತ್ತಿತ್ತು. “ಅದಕ್ಕೇನಂತೆ, ಮಾಡೋಣ” ಎಂದ. ಬಾಯಿ ಹಾಗೆಂದಿತು. ಒಳಗೆ ಬೇರೆ ಲೆಕ್ಕವಿತ್ತು. ಇವಳು ಅಲ್ಲಿ ಗೆದ್ದರೆ ತಾನು ಇಲ್ಲಿ ಮುಗಿದಂತೆ. ಖಾಲಿ ಕುರ್ಚಿ ಮೂರು ವರ್ಷ ಹಾಗೇ ಇರುತ್ತದೆ. ಆಮೇಲೆ ಡಾಕ್ಟರ್ ಅಕ್ಷತಾ ಬಂದು ಆ ಕುರ್ಚಿಯಲ್ಲಿ ಕೂತು ಚೀಟಿ ಬರೆಯುತ್ತಾಳೆಯೇ? ಅವಳನ್ನು ಈಗಲೇ, ಮನೆಯೊಳಗೇ ಮುರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳೇ ಹೆದರಿ ಹಿಂದೆಗೆಯುತ್ತಾಳೆ.

ಮೊದಲ ಸಂಜೆ ಕರಿ ಕೋಟು, ಕೊರಳಿಗೆ ವಕೀಲರ ಬಿಳಿ ಬ್ಯಾಂಡು ಹಾಕಿಕೊಂಡು ಕೂತ. ಕೆಳಗೆ ಪಂಚೆಯೇ ಇತ್ತು, ಫೋನಿನಲ್ಲಿ ಅದು ಕಾಣುತ್ತಿರಲಿಲ್ಲ. ಅವಳು ಎರಡು ವಾಕ್ಯ ಹೇಳುವಷ್ಟರಲ್ಲಿ, “ನಿಲ್ಲಿ. ದನಿ ಕೇಳಿಸ್ತಿಲ್ಲ. ಮೊದಲಿಂದ ಹೇಳಿ” ಎಂದ. ಮೊದಲಿನಿಂದ ಹೇಳಿದಳು. “ಇದಕ್ಕೆ ಆಧಾರ ಏನು? ಯಾವ ತೀರ್ಪು? ಯಾವ ಕಂಡಿಕೆ?” ಅವಳು ಹಾಳೆ ಹುಡುಕಿದಳು, ಹಾಳೆಗಳು ಕೆಳಗೆ ಬಿದ್ದವು. “ಇಷ್ಟೂ ತಯಾರಿ ಇಲ್ದೆ ನಮ್ಮ ಮುಂದೆ ಬಂದಿದೀರಾ?” ಎಂದ. ಅವಳು ತಲೆ ತಗ್ಗಿಸಿ ಹಾಳೆ ಆಯತೊಡಗಿದಳು. ಆ ರಾತ್ರಿ ಪವಮಾನನಿಗೆ ಸೊಗಸಾದ ನಿದ್ದೆ ಬಂತು.

ಮರುದಿನ ಅವಳು ಆ ಮೂರು ಪ್ರಶ್ನೆಗಳಿಗೂ ಉತ್ತರ ಹಿಡಿದುಕೊಂಡು ಬಂದಳು. ಅವನು ಬೇರೆ ಪ್ರಶ್ನೆ ಹಾಕಿ ಕೆಡವಿದ. ಅದರ ಮಾರನೆಯ ದಿನ ಅದಕ್ಕೂ ಉತ್ತರ. ಹಳೆಯ ಬತ್ತಳಿಕೆ ಬರಿದಾಯಿತು. ಹೊಸ ಬಾಣ ಬೇಕೆಂದರೆ ಅವಳು ಬರೆದಿದ್ದನ್ನು ಓದಲೇಬೇಕು. ಕಕ್ಷಿದಾರರ ಫೈಲನ್ನೇ ಬಿಚ್ಚದ ಗಂಡಸು ಅವಳ ಪ್ರಬಂಧವನ್ನು ಗೆರೆ ಎಳೆದು ಓದಿದ. ಅವಳು ಹೆಸರಿಸಿದ ತೀರ್ಪುಗಳನ್ನೆಲ್ಲ ತೆಗೆಸಿ ಓದಿದ. ಪ್ರೀತಿ ಅವನಿಂದ ಇಷ್ಟು ಓದಿಸಿರಲಿಲ್ಲ, ಕಾಲೇಜಂತೂ ಓದಿಸಿರಲೇ ಇಲ್ಲ. ಹೊಟ್ಟೆಕಿಚ್ಚು ಓದಿಸಿತು.

“ಆಕೆ ನಗುನಗ್ತಾ ಸಹಿ ಹಾಕಿದಾಳೆ. ಕೈ ಹಿಡಿದು ಹಾಕಿಸಿದ್ದಾರೇನು?” ಎಂದು ಒಂದು ಸಂಜೆ ಕೇಳಿದ.

“ಹಾಕದೇ ಇದ್ರೆ ಮುಂದಿನ ಗೌರಿಹಬ್ಬಕ್ಕೆ ತವರಿಂದ ಬಾಗಿನ ಬರಲ್ಲ ಅಂತ ಆಕೆಗೆ ಗೊತ್ತು ಸ್ವಾಮಿ. ಅದನ್ನ ಯಾರೂ ಬಾಯಿ ಬಿಟ್ಟು ಹೇಳ್ಬೇಕಾಗಿಲ್ಲ.”

“ಹಾಗಾದ್ರೆ ಪ್ರೀತಿ ಇರೋ ಕಡೆ ಯಾವ ಒಪ್ಪಿಗೆಯೂ ಒಪ್ಪಿಗೆಯಲ್ಲ ಅಂತೀರಾ?”

“ಇಲ್ಲ ಅಂದ್ರೂ ಪ್ರೀತಿ ಉಳಿಯತ್ತೆ ಅಂತ ಗೊತ್ತಿದ್ದಾಗ ಹೂಂ ಅಂತಾರಲ್ಲ ಸ್ವಾಮಿ, ಅದು ಒಪ್ಪಿಗೆ.”

ಅವಳ ದನಿ ನಡುಗಲಿಲ್ಲ. ಕಾಗದ ನೋಡಲಿಲ್ಲ. ಇಂಥ ಮಾತು ತನಗೆ ಯಾಕೆ ಹೊಳೆಯುವುದಿಲ್ಲ ಎಂದು ಪವಮಾನ ಹಲ್ಲು ಕಚ್ಚಿದ.

ಸಂದರ್ಶನದ ಹಿಂದಿನ ಸಂಜೆ ಬಂತು. ಇದೇ ಕೊನೆಯ ಅವಕಾಶ. ಅವನು ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು. ಕಾನೂನಿನ ಪ್ರಶ್ನೆಗಳು ಮುಗಿದವು. ಸೋತ ಸಿಟ್ಟಿನಲ್ಲಿ ಅವನು ಕೋಟಿನ ಗುಂಡಿ ಸರಿಮಾಡಿಕೊಂಡು ಕಾನೂನಿನಾಚೆಗೆ ಕೈ ಹಾಕಿದ.

“ಮೂರು ವರ್ಷ ಇಲ್ಲಿರ್ತೀನಿ ಅಂತೀರಿ. ಊರಲ್ಲಿ ನಿಮ್ಮ ಯಜಮಾನರಿದ್ದಾರೆ. ಅವರ ಒಪ್ಪಿಗೆ ಇದೆಯಾ?”

ಅಕ್ಷತಾ ಆ ಸಂಜೆ ಮೊದಲ ಸಲ ತಡವರಿಸಿದಳು. ಕಣ್ಣು ಕೆಳಗಾಯಿತು. “ಇದೆ ಅಂತ ಅವರು ಹೇಳ್ತಾರೆ ಸ್ವಾಮಿ. ಆದ್ರೆ ಇಲ್ಲ.”

ಹಳೆಯ ವಕೀಲರು ಹೊಸಬರಿಗೆ ಮೊದಲ ದಿನವೇ ಹೇಳುವ ಬುದ್ಧಿಮಾತೊಂದಿದೆ. ಪಾಟೀಸವಾಲಿನಲ್ಲಿ ಸಾಕ್ಷಿ ತಡವರಿಸಿದ ಕೂಡಲೇ ಕೂತುಬಿಡು. ‘ಅದು ಹೇಗೆ ಹೇಳುತ್ತೀರಿ’ ಅಂತ ಮಾತ್ರ ಕೇಳಬೇಡ, ಕೇಳಿದರೆ ಅವನು ಹೇಳಿಬಿಡುತ್ತಾನೆ. ಪವಮಾನ ಇದನ್ನು ಎಷ್ಟೋ ಕಿರಿಯರಿಗೆ ಉಪದೇಶ ಮಾಡಿದವನು. ಅವಳು ಅಲ್ಲಾಡಿದ್ದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

“ಅದು ಹೇಗೆ ಹೇಳ್ತೀರಿ?”

ಅಕ್ಷತಾ ತಲೆಯೆತ್ತಿದಳು. “ಅವರಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು ಸ್ವಾಮಿ. ನಾನು ಕ್ಲಾಸಲ್ಲಿ ಬಾಯಿ ಬಿಡಕ್ಕಾಗಲಿಲ್ಲ ಅಂತ ಅತ್ತ ದಿನ ಅವರ ಮುಖ ಅರಳಿತ್ತು. ಮಾತಾಡ್ದೆ ಅಂದ ದಿನ ನೆಟ್‌ವರ್ಕ್ ಇಲ್ಲ ಅಂತ ಫೋನ್ ಇಟ್ರು. ಈ ಸಂಜೆಗಳಲ್ಲಿ ಅವರು ಕೂತಿದ್ದು ನನ್ನ ತಯಾರು ಮಾಡಕ್ಕಲ್ಲ, ಮುರಿಯಕ್ಕೆ. ಮೊದಲನೇ ದಿನವೇ ನಂಗೆ ಗೊತ್ತಾಯ್ತು.”

ಪವಮಾನನದು ವಕೀಲನ ಬಾಯಿ, ಇಷ್ಟಾದರೂ ಸುಮ್ಮನಿರಲಿಲ್ಲ. “ಗೊತ್ತಿದ್ದೂ ಯಾಕೆ ಬಂದು ನಿಂತ್ರಿ?”

“ನಾನು ಸೋಲ್ಲಿ ಅಂತ ಇಷ್ಟು ಶ್ರದ್ಧೆಯಿಂದ ಓದ್ಕೊಂಡು ಬಂದೋರು ಈ ಪ್ರಪಂಚದಲ್ಲಿ ಅವರೊಬ್ರೇ ಸ್ವಾಮಿ. ಅವರ ಮುಂದೆ ನಿಂತ್ರೆ ಇನ್ಯಾರ ಮುಂದೆ ಬೇಕಾದ್ರೂ ನಿಲ್ಬೋದು.”

ಒಳಗೆ ಪಂಕಜಮ್ಮ ಕುಕ್ಕರಿನ ಸೀಟಿ ಎಣಿಸುತ್ತಿದ್ದರು. “ಆಯ್ತು. ನಾಳೆ ಹುಷಾರು” ಎಂದು ಪವಮಾನ ಫೋನ್ ಇಟ್ಟ. ಕರಿ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಪಂಚೆ ಬನಿಯನ್ನಿನಲ್ಲಿ ಹಾಗೇ ಕೂತ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಇಷ್ಟು ದಿನ ಬಚ್ಚಿಟ್ಟುಕೊಂಡದ್ದನ್ನು ಅವಳು ಮೊದಲಿನಿಂದಲೂ ನೋಡುತ್ತಿದ್ದಳು. ನಾಚಿಕೆಯ ಅಡಿಯಲ್ಲಿ ಆ ಹಾಳು ಕಿಚ್ಚೂ ಇತ್ತು. ಎಷ್ಟು ಚೆನ್ನಾಗಿ ಹೇಳಿದಳು ಎಂದು ಅದಕ್ಕೂ ಅಸೂಯೆಪಟ್ಟ.

ನಾಲ್ಕು ದಿನ ಬಿಟ್ಟು ಫಲಿತಾಂಶ ಬಂತು. ಅವಳೇ ಆಯ್ಕೆಯಾಗಿದ್ದಳು. ಪಂಕಜಮ್ಮ ಫೋನಿಗೇ ದೃಷ್ಟಿ ತೆಗೆದು, ಅತ್ತು, ವೃಷಭೇಂದ್ರಪ್ಪನವರಿಗೆ ತಾವೇ ಹೇಳಬೇಕೆಂದು ಇನ್ನೊಂದು ಫೋನ್ ಹುಡುಕಿಕೊಂಡು ಒಳಗೆ ಹೋದರು. ಗಂಡ ಹೆಂಡಿರಿಬ್ಬರೇ ಉಳಿದರು.

“ಸೋಮವಾರದೊಳಗೆ ಅವರಿಗೆ ಹೇಳ್ಬೇಕು” ಎಂದಳು ಅಕ್ಷತಾ. “ಇವತ್ತು ನೀನು ಪ್ರೊಫೆಸರ್ ಅಲ್ಲ, ಪವಮಾನ. ನಿನ್ನೇ ಕೇಳ್ತಿದೀನಿ. ಬಾ ಅಂದ್ರೆ ಬರ್ತೀನಿ. ಮನಸ್ಸಲ್ಲಿ ಇಟ್ಕೊಳಲ್ಲ.”

ಬಾ ಎಂಬ ಒಂದೇ ಅಕ್ಷರ. ಅಂದುಬಿಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ. ಕೋರ್ಟಿನಲ್ಲಿ ಕೈ ಚಾಚಿದರೆ ಉತ್ತರ ಸಿಗುತ್ತದೆ, ಸಿದ್ದಲಿಂಗಸ್ವಾಮಿಯ ಮೊಕದ್ದಮೆ ಗೆಲ್ಲುತ್ತದೆ, ದಿಲೀಪನ ಬಾಯಿ ಮುಚ್ಚುತ್ತದೆ. ಅವಳು ಬರುತ್ತಾಳೆ, ನಗುನಗುತ್ತಲೇ ಬರುತ್ತಾಳೆ. ಆ ನಗು ಎಂಥದ್ದೆಂದು ಅವನು ಗೆರೆ ಎಳೆದು ಓದಿದ್ದ. ಓದದೆ ಇದ್ದಿದ್ದರೆ ಬಾ ಅನ್ನುವುದು ಸುಲಭವಾಗಿರುತ್ತಿತ್ತು.

“ಅಲ್ಲೇ ಇರು” ಎಂದ.

“ಸಂತೋಷದಿಂದ ಹೇಳ್ತಿದೀಯಾ?”

“ಇಲ್ಲ ಕಣೇ. ಹೊಟ್ಟೆ ಉರೀತಿದೆ. ನೀನು ಸೋತು ಬಂದಿದ್ರೆ ಹಾರ ತಗೊಂಡು ಏರ್‌ಪೋರ್ಟಿಗೆ ಬರ್ತಿದ್ದೆ. ಆದ್ರೂ ಇರು.”

ಅಕ್ಷತಾ ಕೋಟಿನ ತೋಳಿನಲ್ಲಿ ಮೂಗು ಒರೆಸಿಕೊಂಡಳು. “ಈ ಒಪ್ಪಿಗೆ ಆದ್ರೆ ನಂಬ್ತೀನಿ” ಎಂದಳು.